ಇಟಲಿಯ ಊರುಗಳು ಗುಡ್ಡ ಹತ್ತಿದ್ದೇಕೆ?

ರೋಮ್‌ನಿಂದ ಉತ್ತರಕ್ಕೆ, ಫ್ಲಾರೆನ್ಸ್ ಕಡೆಗೆ ಹಳೆಯ ರೈಲು ಮಾರ್ಗದಲ್ಲಿ ಹೊರಟವರಿಗೆ ಸ್ವಲ್ಪ ಹೊತ್ತಿನಲ್ಲೇ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಹಳಿಯ ಪಕ್ಕದಲ್ಲಿ ತೈಬರ್ ನದಿ, ಅದರ ಆಚೀಚೆ ಸಮತಟ್ಟಾದ ಒಳ್ಳೆಯ ನೆಲ. ಆದರೆ ಹಳೆಯ ಊರುಗಳು ಹೆಚ್ಚಾಗಿ ಅಲ್ಲಿಲ್ಲ. ತಲೆಯೆತ್ತಿ ನೋಡಿದರೆ ಗುಡ್ಡದ ನೆತ್ತಿಯ ಮೇಲೆ, ಒಂದಕ್ಕೊಂದು ಆತುಕೊಂಡ ಕಲ್ಲುಮನೆಗಳು, ಸುತ್ತ ಕೋಟೆಗೋಡೆ, ನಡುವೆ ಇಗರ್ಜಿಯ ಗೋಪುರ. ನೀರು ಕೆಳಗೆ, ಹೊಲ ಕೆಳಗೆ, ದಾರಿ ಕೆಳಗೆ. ಮನೆ ಮಾತ್ರ ಮೇಲೆ. ದಿನವೂ ಇಳಿದು ಹತ್ತುವ ಈ ಕಷ್ಟವನ್ನು ಯಾರಾದರೂ ಸುಮ್ಮಸುಮ್ಮನೆ ಕಟ್ಟಿಕೊಳ್ಳುತ್ತಾರೆಯೇ?

ಮೊದಲ ಕಾರಣ ಎಲ್ಲರಿಗೂ ಹೊಳೆಯುವಂಥದು: ಭಯ. ರೋಮನ್ನರಿಗಿಂತ ಮೊದಲೇ ಇದ್ದ ಎಟ್ರುಸ್ಕನ್ ಜನ ಶತ್ರು ದೂರದಿಂದಲೇ ಕಾಣಲಿ ಎಂದು ಕಡಿದಾದ ಬಂಡೆಗಳ ಮೇಲೆ ಊರು ಕಟ್ಟಿದ್ದರು. ಐದನೆಯ ಶತಮಾನದಲ್ಲಿ ಪಶ್ಚಿಮ ರೋಮನ್ ಸಾಮ್ರಾಜ್ಯ ಕುಸಿದ ಮೇಲೆ, ಒಂದರ ಹಿಂದೊಂದು ದಂಡು ಬಂದು ಬಯಲಿನ ಊರುಗಳನ್ನು ಸುಲಿದಾಗ, ಜನ ಮತ್ತೆ ಗುಡ್ಡ ಹತ್ತಿದರು.

ಎರಡನೆಯ ಕಾರಣವನ್ನು ಪ್ರವಾಸಿ ಪುಸ್ತಕಗಳು ಅಷ್ಟಾಗಿ ಹೇಳುವುದಿಲ್ಲ. ಅದು ಜ್ವರ. ಸಾಮ್ರಾಜ್ಯ ಹೋದ ಮೇಲೆ ತಗ್ಗಿನ ನೆಲದ ಬಸಿಗಾಲುವೆಗಳನ್ನು ನೋಡಿಕೊಳ್ಳುವವರಿಲ್ಲದೆ ನೀರು ನಿಂತು ಜೌಗಾಯಿತು. ಅಲ್ಲಿ ಮಲಗಿದವರಿಗೆ ಚಳಿಜ್ವರ ಬರುತ್ತಿತ್ತು. ಗಾಳಿಯೇ ಕೆಟ್ಟದ್ದೆಂದು ಜನ ನಂಬಿದರು. ಕೆಟ್ಟ ಗಾಳಿಗೆ ಇಟಾಲಿಯನ್ ಭಾಷೆಯಲ್ಲಿ ‘ಮಾಲಾ ಆರಿಯಾ’ ಎನ್ನುತ್ತಾರೆ. ಇಂದು ಜಗತ್ತೆಲ್ಲ ಬಳಸುವ ಮಲೇರಿಯಾ ಎಂಬ ಹೆಸರು ಬಂದದ್ದು ಅಲ್ಲಿಂದಲೇ. ಕಾರಣ ತಪ್ಪಾಗಿದ್ದರೂ ಉಪಾಯ ಸರಿಯಾಗಿತ್ತು. ಎತ್ತರದಲ್ಲಿ ನಿಂತ ನೀರೂ ಕಡಿಮೆ, ಸೊಳ್ಳೆಯೂ ಕಡಿಮೆ. 1883ರಲ್ಲಿ ಬೆಂಗಳೂರಿನಲ್ಲಿ ಸೇನಾ ವೈದ್ಯರಾಗಿದ್ದ ರೊನಾಲ್ಡ್ ರಾಸ್ 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಈ ರೋಗಾಣುವನ್ನು ಕಂಡರು. ಮರುವರ್ಷ ಇಟಲಿಯ ಗ್ರಾಸ್ಸಿ, ಮನುಷ್ಯರಿಗೆ ರೋಗ ಹರಡುವುದು ಅನಾಫಿಲಿಸ್ ಸೊಳ್ಳೆಯಿಂದ ಎಂದು ತೋರಿಸಿದರು. ಇಟಲಿ ಮಲೇರಿಯಾದಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿದ್ದು 1970ರಲ್ಲಿ. ಅಂದರೆ, ಗುಡ್ಡ ಹತ್ತಲು ಇದ್ದ ಎರಡು ಕಾರಣಗಳೂ ನಮ್ಮ ಕಾಲದಲ್ಲಿ ಇಲ್ಲವಾದವು. ಈ ಊರುಗಳ ಇಂದಿನ ಸಂಕಟ ಅರ್ಥವಾಗಬೇಕಾದರೆ ಇದನ್ನು ನೆನಪಿಡಬೇಕು.

ಎತ್ತರದಲ್ಲಿ ಬದುಕುವುದೆಂದರೆ ಮೊದಲ ಚಿಂತೆ ನೀರಿನದು. ಒರ್ವಿಯೆಟೊ ಎಂಬ ಊರಿನಲ್ಲಿ ಇದಕ್ಕೊಂದು ಅದ್ಭುತ ಸಾಕ್ಷಿಯಿದೆ. 1527ರಲ್ಲಿ ಚಕ್ರವರ್ತಿಯ ಸೈನಿಕರು ರೋಮ್ ನಗರವನ್ನು ಕೊಳ್ಳೆ ಹೊಡೆದಾಗ ಪೋಪ್ ಏಳನೆಯ ಕ್ಲೆಮೆಂಟ್ ಈ ಬಂಡೆಯ ಊರಿಗೆ ಓಡಿ ಬಂದರು. ಮುತ್ತಿಗೆ ಬಿದ್ದರೆ ನೀರಿಗೇನು ಗತಿ ಎಂದು ಅವರು ತೋಡಿಸಿದ ಬಾವಿ ಸುಮಾರು 53 ಮೀಟರ್ ಆಳ. ಅದರ ಸುತ್ತ ಎರಡು ಸುರುಳಿ ಮೆಟ್ಟಿಲುಗಳಿವೆ, ಒಂದೊಂದರಲ್ಲಿ 248 ಮೆಟ್ಟಿಲು. ಒಂದರಲ್ಲಿ ಖಾಲಿ ಕೊಡದ ಹೇಸರಗತ್ತೆ ಇಳಿಯಬೇಕು, ಇನ್ನೊಂದರಲ್ಲಿ ತುಂಬಿದ ಕೊಡದ್ದು ಹತ್ತಬೇಕು. ಎದುರುಬದುರಾಗುವ ಪ್ರಶ್ನೆಯೇ ಇಲ್ಲ. ಕೆಲಸ ಮುಗಿದದ್ದು 1537ರಲ್ಲಿ. ಅಷ್ಟರಲ್ಲಿ ಬಾವಿ ತೋಡಿಸಿದ ಪೋಪರೇ ತೀರಿಕೊಂಡಿದ್ದರು. ಇಂದು ಯಾರು ಬೇಕಾದರೂ ಟಿಕೆಟ್ ಪಡೆದು ಇಳಿಯಬಹುದು. ಮಂಡಿ ನೋವಿರುವವರು ಮಾತ್ರ ಮೇಲಿನಿಂದಲೇ ಬಗ್ಗಿ ನೋಡುವುದು ಕ್ಷೇಮ.

ಟಸ್ಕನಿಯ ಸಾನ್ ಜಿಮಿನ್ಯಾನೊ ಇನ್ನೊಂದು ಬಗೆಯದು. ಯಾತ್ರಿಕರ ಹೆದ್ದಾರಿಯ ಮೇಲಿದ್ದು, ಕೇಸರಿ ವ್ಯಾಪಾರದಿಂದ ಕೊಬ್ಬಿದ ಈ ಊರಿನ ಸಿರಿವಂತರು ಪೈಪೋಟಿಯ ಮೇಲೆ ಕಲ್ಲಿನ ಗೋಪುರಗಳನ್ನು ಎಬ್ಬಿಸಿದರು. ಒಂದು ಕಾಲಕ್ಕೆ 72 ಇದ್ದುವೆಂದು ಹೇಳುತ್ತಾರೆ. ಈಗ ಉಳಿದಿರುವುದು 14. ಅಷ್ಟಾದರೂ ಉಳಿದದ್ದು ಬಡತನದಿಂದ! 1348ರ ಪ್ಲೇಗ್ ಊರನ್ನು ಅರ್ಧ ಬರಿದು ಮಾಡಿತು, ಸ್ವಲ್ಪ ಕಾಲದಲ್ಲೇ ಫ್ಲಾರೆನ್ಸ್ ಅದನ್ನು ವಶಕ್ಕೆ ತೆಗೆದುಕೊಂಡಿತು. ಹಳೆಯದನ್ನು ಕೆಡವಿ ಹೊಸದು ಕಟ್ಟಲು ಯಾರ ಕೈಯಲ್ಲೂ ಹಣವಿರಲಿಲ್ಲ.

ಮನಸ್ಸು ಕಲಕುವ ಊರು ಚಿವಿತಾ ದಿ ಬಾನ್ಯೊರೆಜೊ. ಒರ್ವಿಯೆಟೊಗೆ ಹತ್ತಿರವೇ ಇದೆ. ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಕಲ್ಲಿನ ಹಾಸು, ಅದರ ಮೇಲೆ ಊರು. ಹಾಸಿನ ಕೆಳಗಿರುವುದು ಬರೀ ಜೇಡಿಮಣ್ಣು. ಎರಡೂ ಪಕ್ಕದ ಹಳ್ಳಗಳು ಬುಡವನ್ನು ಕೊರೆಯುತ್ತವೆ, ಮಳೆ ಜೇಡಿಯನ್ನು ಕರಗಿಸುತ್ತದೆ. ಆಧಾರ ತಪ್ಪಿದ ಕಲ್ಲಿನ ಅಂಚು ಸೀಳಿ ಬೀಳುತ್ತದೆ, ಅದರ ಮೇಲಿದ್ದ ಮನೆಯೂ ಬೀಳುತ್ತದೆ. 1695ರ ಭೂಕಂಪದ ನಂತರ ಬಿಷಪ್ಪರೂ ಊರಿನ ಆಡಳಿತವೂ ಎದುರಿನ ದಿಬ್ಬಕ್ಕೆ ವಲಸೆ ಹೋದರು. ಹದಿಮೂರನೆಯ ಶತಮಾನದ ಸಂತ ಬೊನವೆಂತುರ ಹುಟ್ಟಿದ್ದು ಇಲ್ಲಿಯೇ. ಅವರು ಬಾಲ್ಯ ಕಳೆದದ್ದೆನ್ನುವ ಮನೆ ಕಣಿವೆ ಸೇರಿ ಎಷ್ಟೋ ಕಾಲವಾಯಿತು. ‘ಸಾಯುತ್ತಿರುವ ಊರು’ ಎಂದೇ ಇದಕ್ಕೆ ಹೆಸರು. ಈಗ ವರ್ಷವಿಡೀ ವಾಸಿಸುವವರು ಹತ್ತು ಹನ್ನೆರಡು ಮಂದಿ. 1965ರಲ್ಲಿ ಕಟ್ಟಿದ ಕಾಲುಸೇತುವೆಯೊಂದೇ ದಾರಿ, ಕಾರು ಹೋಗುವುದಿಲ್ಲ. 2013ರಿಂದ ಪ್ರವೇಶ ಶುಲ್ಕ ಹಾಕಿದ್ದಾರೆ. ಶುಲ್ಕ ಹಾಕಿದರೆ ಜನ ಬರಲಾರರೆಂದು ನಾವಾದರೆ ಹೆದರುತ್ತಿದ್ದೆವು. ಅಲ್ಲಿ ಉಲ್ಟಾ ಆಯಿತು. ವರ್ಷಕ್ಕೆ ಲಕ್ಷಗಟ್ಟಲೆ ಜನ ಬರತೊಡಗಿದರು. ಹಗಲು ಜಾತ್ರೆ. ಸಂಜೆ ಕೊನೆಯ ಬಸ್ಸು ಹೊರಟ ಮೇಲೆ ಬೆಕ್ಕುಗಳ ರಾಜ್ಯ. ಊರನ್ನು ನಿಜವಾಗಿ ನೋಡಬೇಕೆನ್ನುವವರು ಒಂದು ರಾತ್ರಿ ಅಲ್ಲೇ ತಂಗಬೇಕು.

ಚಿವಿತಾದಲ್ಲಿ ನೆಲ ಕುಸಿಯುವುದು ಪ್ರಕೃತಿಯ ಕೆಲಸ. ಪಶ್ಚಿಮ ಕರಾವಳಿಯಲ್ಲಿ, ಜಿನೋವಾ ನಗರದ ಆಗ್ನೇಯಕ್ಕೆ ಇರುವ ಚಿಂಕ್ವೆ ತೆರ್ರೆಯಲ್ಲಿ ಹಾಗಲ್ಲ. ಅಲ್ಲಿ ನೆಲವನ್ನು ಹಿಡಿದು ನಿಲ್ಲಿಸಿದ್ದೇ ಮನುಷ್ಯರ ಕೈ. ಹೆಸರಿನ ಅರ್ಥ ‘ಐದು ನಾಡು’: ಮೊಂತೆರೊಸ್ಸೊ, ವೆರ್ನಾತ್ಸಾ, ಕೊರ್ನೀಲಿಯಾ, ಮನರೋಲಾ, ರಿಯೊಮಜೋರೆ. ಬೆಟ್ಟ ನೇರವಾಗಿ ಸಮುದ್ರಕ್ಕೆ ಇಳಿಯುತ್ತದೆ, ಸಮತಟ್ಟಾದ ಅಂಗೈಯಗಲ ಜಾಗವೂ ದುರ್ಲಭ. ಹಳ್ಳ ಕಡಲಿಗೆ ಸೇರುವ ಬಿರುಕಿನಲ್ಲಿ ಮೀನುಗಾರರ ಮನೆಗಳು ಒಂದರ ಹೆಗಲ ಮೇಲೊಂದು ಏರಿ ನಿಂತಿವೆ. ಕೊರ್ನೀಲಿಯಾ ಮಾತ್ರ ಕಡಲಿಂದ ನೂರು ಮೀಟರ್ ಮೇಲಿದೆ. ರೈಲು ನಿಲ್ದಾಣದಿಂದ ಅಲ್ಲಿಗೆ ಸುಮಾರು 380 ಮೆಟ್ಟಿಲು. ಬಣ್ಣದ ಗೋಡೆಗಳ ಚಿತ್ರವನ್ನು ಕ್ಯಾಲೆಂಡರುಗಳಲ್ಲಿ ಎಲ್ಲರೂ ನೋಡಿರುತ್ತಾರೆ. ನೋಡಬೇಕಾದದ್ದು ಅದರ ಹಿಂದೆ ಇದೆ.

ಹಿಂದಿನ ಇಳಿಜಾರಿನ ತುಂಬ, ಸುಮಾರು ಸಾವಿರ ವರ್ಷಗಳಿಂದ ರೈತರು ಮೆಟ್ಟಿಲು ಮೆಟ್ಟಿಲಾಗಿ ತೋಟ ಕಡಿದಿದ್ದಾರೆ. ಪ್ರತಿ ಮೆಟ್ಟಿಲಿಗೂ ಒಂದು ಕಲ್ಲುಗೋಡೆ. ಗಾರೆ ಇಲ್ಲ, ಸಿಮೆಂಟು ಇಲ್ಲ, ಕಲ್ಲಿಗೆ ಕಲ್ಲು ಕೂರಿಸಿದ್ದು ಅಷ್ಟೇ. ಗಾರೆ ಹಾಕದಿದ್ದುದು ಬಡತನಕ್ಕಲ್ಲ. ಗಾರೆಯ ಗೋಡೆ ಮಳೆನೀರನ್ನು ತಡೆದು ಹಿಂದೆ ತುಂಬಿಸಿಕೊಳ್ಳುತ್ತದೆ, ಭಾರ ತಾಳದೆ ಒಂದು ದಿನ ಒಡೆಯುತ್ತದೆ. ಈ ಗೋಡೆಯಾದರೆ ಸಂದುಗಳಿಂದ ನೀರನ್ನು ಬಿಟ್ಟುಕೊಟ್ಟು ಮಣ್ಣನ್ನಷ್ಟೇ ಉಳಿಸಿಕೊಳ್ಳುತ್ತದೆ. ಆದರೆ ಅದಕ್ಕೆ ಆರೈಕೆ ಬೇಕು. ಮಳೆಗಾಲ ಮುಗಿದ ಮೇಲೆ ಉಬ್ಬಿದ ಕಡೆ ಬಿಚ್ಚಬೇಕು, ಜಾರಿದ ಕಲ್ಲು ಹೊತ್ತು ತಂದು ಮತ್ತೆ ಕೂರಿಸಬೇಕು. ದ್ರಾಕ್ಷಿ ಬೆಳೆದವನಿಗೆ ಈ ಕೆಲಸ ಬೇಸಾಯದ ಒಂದು ಭಾಗವಾಗಿತ್ತು.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸಮೀಪದ ಲಾ ಸ್ಪೇತ್ಸಿಯಾದಲ್ಲಿ ನೌಕಾಪಡೆಯ ಕಾರ್ಖಾನೆ ಬಂತು, 1870ರ ದಶಕದಲ್ಲಿ ರೈಲು ಬಂತು. ಬೆನ್ನ ಮೇಲೆ ಕಲ್ಲು ಹೊರುವುದಕ್ಕಿಂತ ತಿಂಗಳ ಸಂಬಳ ಮೇಲೆಂದು ಮಕ್ಕಳು ಹೊರಟರು. ಅವರನ್ನು ತಪ್ಪೆನ್ನಲು ನಾವು ಯಾರು? ತೋಟಗಳ ಬಹುಭಾಗ ಪಾಳುಬಿತ್ತು. ಊರವರನ್ನು ಹೊರಗೆ ಒಯ್ದ ಅದೇ ರೈಲು ಮುಂದೆ ಪ್ರವಾಸಿಗಳನ್ನು ಒಳಗೆ ತಂದಿತು. 1997ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ತಾಣವೆಂದು ಸಾರಿತು, 1999ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಕೆಳಗೆ ಹೋಟೆಲುಗಳು ತುಂಬಿದವು, ಮೇಲೆ ಗೋಡೆಗಳು ಜಾರುತ್ತಲೇ ಇದ್ದವು.

2011ರ ಅಕ್ಟೋಬರ್ 25ರಂದು ಕೆಲವೇ ಗಂಟೆಗಳಲ್ಲಿ ಭೀಕರ ಮಳೆ ಸುರಿಯಿತು. ವೆರ್ನಾತ್ಸಾದ ಮುಖ್ಯ ಬೀದಿಯ ಅಡಿಯಲ್ಲಿ ಮುಚ್ಚಿದ ಹಳ್ಳವೊಂದು ಹರಿಯುತ್ತದೆ. ಬೆಟ್ಟದಿಂದ ಇಳಿದ ಮಣ್ಣು, ಕಲ್ಲು, ಮರಗಳು ಅದನ್ನು ಕಟ್ಟಿ, ಬೀದಿಯೇ ಹೊಳೆಯಾಯಿತು. ಅಂಗಡಿಗಳ ತಳ ಅಂತಸ್ತು ಕೆಸರಿನಲ್ಲಿ ಹೂತುಹೋಯಿತು. ಅಲ್ಲಿ ಮೂವರು, ಮೊಂತೆರೊಸ್ಸೊದಲ್ಲಿ ಒಬ್ಬರು ಸತ್ತರು. ಅಷ್ಟು ಮಳೆಗೆ ಗಟ್ಟಿ ಗೋಡೆಗಳೂ ಕೆಲವೆಡೆ ನಿಲ್ಲಲಿಲ್ಲ ಎಂಬುದು ನಿಜ. ಆದರೂ ಆರೈಕೆ ತಪ್ಪಿದ ಮೆಟ್ಟಿಲು ತೋಟಗಳು ಸುಲಭವಾಗಿ ಜಾರುತ್ತವೆಂಬುದನ್ನು ಭೂವಿಜ್ಞಾನಿಗಳು ಅಳೆದು ನೋಡಿದ್ದಾರೆ. ಗಾರೆಯಿಲ್ಲದ ಗೋಡೆ ಕಟ್ಟುವ ವಿದ್ಯೆಯನ್ನು 2018ರಲ್ಲಿ ಇಟಲಿಯೂ ಸೇರಿದಂತೆ ಎಂಟು ದೇಶಗಳ ಹೆಸರಿನಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಗೋಡೆಗೆ ಬೇಕಾದದ್ದು ಪಟ್ಟಿಗಿಂತ ಹೆಚ್ಚಾಗಿ ಕಲ್ಲು ಕೂರಿಸಬಲ್ಲ ಆಳು.

ಹೋಗಿ ಬರುವ ಅವಕಾಶ ಸಿಕ್ಕಿದವರು ಕಡಲಂಚಿನಲ್ಲೇ ಫೋಟೋ ತೆಗೆದುಕೊಂಡು ಹಿಂತಿರುಗಬೇಡಿ. ಒಂದೆರಡು ಗಂಟೆ ಮೇಲಕ್ಕೆ ಹತ್ತಿ. ದ್ರಾಕ್ಷಿಬಳ್ಳಿಗಳ ಚಪ್ಪರ ಎಷ್ಟು ತಗ್ಗೆಂದರೆ ಬೆಳೆಗಾರ ಬಗ್ಗಿಯೇ ನಡೆಯಬೇಕು, ಉಪ್ಪುಗಾಳಿಗೆ ಹಾಗೆ. ಹಣ್ಣಿನ ಬುಟ್ಟಿಗಳನ್ನು ಸಾಗಿಸಲು ಹಲ್ಲಿರುವ ಒಂಟಿ ಹಳಿಯ ಮೇಲೆ ತೆವಳುವ ಪುಟ್ಟ ಬಂಡಿಗಳಿವೆ. ಅಲ್ಲಿಯ ನಿಂಬೆಹಣ್ಣನ್ನೋ ಒಣದ್ರಾಕ್ಷಿಯಿಂದ ಹಿಂಡಿದ ಸಿಹಿ ವೈನನ್ನೋ ಕೊಂಡರೆ ಆ ಹಣ ಗೋಡೆಯವರೆಗೆ ತಲುಪುತ್ತದೆ. ಕಲ್ಲು ಬಿದ್ದು 2012ರಲ್ಲಿ ಮುಚ್ಚಿದ್ದ, ರಿಯೊಮಜೋರೆ ಮತ್ತು ಮನರೋಲಾ ನಡುವಿನ ‘ಪ್ರೇಮದ ಹಾದಿ’ 2024ರಲ್ಲಿ ಮತ್ತೆ ಪೂರ್ತಿಯಾಗಿ ತೆರೆಯಿತು. ಅದಕ್ಕೆ ಮೊದಲೇ ಸಮಯ ಕಾಯ್ದಿರಿಸಬೇಕು. ಇನ್ನೊಂದು ಮಾತು: ಹವಾಯಿ ಚಪ್ಪಲಿ ಹಾಕಿಕೊಂಡು ಬೆಟ್ಟದ ಕಾಲುದಾರಿಗೆ ಬಂದವರಿಗೆ ದಂಡ ಹಾಕುವುದಾಗಿ 2019ರಲ್ಲಿ ಉದ್ಯಾನದವರು ಸಾರಿದ್ದಾರೆ. ಬೂಟು ಮರೆಯಬೇಡಿ.