ಹಿತ್ತಲಿಗೊಂದು ಬಾಟಲ್ ಬ್ರಷ್ ಗಿಡ

ಹೆಡತಲೆಯ ಒಂದು ಮನೆಯ ಹಿತ್ತಲಿನಲ್ಲಿ, ಬಚ್ಚಲ ನೀರು ಹರಿಯುವ ಕಡೆ ನೆಟ್ಟಿದ್ದ ಬಾಟಲ್ ಬ್ರಷ್ ಗಿಡದ ಚಿಗುರೆಲೆಗಳು ಹಳದಿಯಾಗಿದ್ದವು. "ಇದೂ ನೀಲಗಿರಿ ಜಾತೀದೇ ಅಂತಾರಲ್ಲ ಸಾರ್, ಬಾವಿ ನೀರೆಲ್ಲ ಹೀರ್ಬುಡ್ತದೆ. ಕಿತ್ತಾಕ್ಬುಡ್ಲಾ?" ಎಂದು ಮನೆಯ ಯಜಮಾನರು ಕೇಳಿದರು. ಇದು ಅನೇಕ ರೈತರ ಸಂಶಯವೂ ಹೌದು.

ನೀಲಗಿರಿಯಂತೆ ಬಾಟಲ್ ಬ್ರಷ್ ಕೂಡ ಆಸ್ಟ್ರೇಲಿಯಾ ಮೂಲದ ಸಸ್ಯ. ಎರಡೂ ಒಂದೇ ಕುಟುಂಬಕ್ಕೆ ಸೇರಿವೆ. ಆದರೆ ನಮ್ಮ ಸೀಬೆ ಮತ್ತು ನೇರಳೆ ಸಹ ಅದೇ ಕುಟುಂಬದವು! ಎಕರೆಗಟ್ಟಲೆ ಒತ್ತಾಗಿ ಬೆಳೆಸಿದ ನೀಲಗಿರಿ ತೋಪಿಗೂ ಹಿತ್ತಲಿನ ಒಂದೆರಡು ಪೊದೆಗಳಿಗೂ ಹೋಲಿಕೆ ಸಲ್ಲದು.

ಪ್ರಯೋಜನ

ಸೀಸೆ ತೊಳೆಯುವ ಬ್ರಷ್ಷಿನಂತೆ ಕಾಣುವ ಕೆಂಪು ಹೂಗೊಂಚಲಿನಲ್ಲಿ ಎದ್ದು ಕಾಣುವುದು ದಳಗಳಲ್ಲ, ಕೇಸರಗಳು. ಇದರಲ್ಲಿ ಮಕರಂದ ಹೇರಳ. ಹೊಲದಲ್ಲಿ ಹೂ ವಿರಳವಾಗುವ ಬೇಸಿಗೆಯಲ್ಲಿ ಜೇನ್ನೊಣಗಳಿಗೆ ಇದು ಆಹಾರ. ಕುಂಬಳ, ಸೌತೆಯಂತಹ ಬೆಳೆಗಳಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ ಇರುವುದರಿಂದ ಕಾಯಿ ಕಚ್ಚಲು ಜೇನ್ನೊಣಗಳು ಬೇಕೇ ಬೇಕು. ಹೂ ಬಿಟ್ಟಿರುವಾಗ ಗಿಡಕ್ಕೆ ಕೀಟನಾಶಕ ಸಿಂಪಡಿಸಬಾರದು.

ಸಸ್ಯಾಭಿವೃದ್ಧಿ

ಕಾಂಡಕ್ಕೆ ಅಂಟಿಕೊಂಡಿರುವ ಗಟ್ಟಿ ಕಾಯಿಗಳು ವರ್ಷಗಟ್ಟಲೆ ಒಡೆಯದೆ ಉಳಿಯುತ್ತವೆ. ಕನಿಷ್ಠ ಒಂದು ವರ್ಷ ಬಲಿತ ಕಾಯಿಗಳನ್ನು ಕಾಗದದ ಚೀಲದಲ್ಲಿಟ್ಟು ಬೆಚ್ಚಗಿನ ಜಾಗದಲ್ಲಿರಿಸಿದರೆ ಒಡೆದು, ಧೂಳಿನಷ್ಟು ಸಣ್ಣ ಬೀಜಗಳು ಉದುರುತ್ತವೆ. ಇವನ್ನು ಮರಳು ಬೆರೆಸಿದ ಮಣ್ಣಿನ ಮೇಲೆ ಉದುರಿಸಬೇಕು, ಆಳಕ್ಕೆ ಹೂಳಬಾರದು. ತಾಯಿ ಗಿಡದ ಗುಣವೇ ಬೇಕಿದ್ದರೆ ಅರೆಬಲಿತ ಕಡ್ಡಿಗಳನ್ನು ನೆಟ್ಟು ಬೇರು ಬರಿಸುವುದು ಉತ್ತಮ.

ನಾಟಿ ಮತ್ತು ಆರೈಕೆ

ದಿನವಿಡೀ ಬಿಸಿಲು ಬೀಳುವ ಜಾಗವನ್ನು ಆರಿಸಿ, 45 ಸೆಂ.ಮೀ. ಉದ್ದ, ಅಗಲ, ಆಳದ ಗುಣಿ ತೆಗೆದು, ಮೇಲ್ಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ, ಮುಂಗಾರಿನಲ್ಲಿ ನೆಡಬೇಕು. ಮೊದಲ ಎರಡು ಬೇಸಿಗೆ ತಪ್ಪದೆ ನೀರು ಕೊಟ್ಟರೆ ಮುಂದೆ ಗಿಡ ಬರವನ್ನು ತಾಳಿಕೊಳ್ಳುತ್ತದೆ. ತವರಿನಲ್ಲಿ ಹಳ್ಳದ ದಡಗಳಲ್ಲಿಯೂ ಬೆಳೆಯುವುದರಿಂದ ನಾಲೆ ಬದಿಯ ತೇವವನ್ನೂ ಸಹಿಸುತ್ತದೆ.

ಹೂ ಬಾಡಿದ ಕೂಡಲೇ, ಒಣಗಿದ ಗೊಂಚಲಿನ ಸ್ವಲ್ಪ ಹಿಂದಕ್ಕೆ ತುದಿ ಸವರಬೇಕು. ತಡವಾಗಿ ಸವರಿದರೆ ಮುಂದಿನ ಹೂ ಬಿಡುವ ಚಿಗುರನ್ನೇ ಕತ್ತರಿಸಿದಂತಾಗುತ್ತದೆ. ಎಲೆಯಿಲ್ಲದ ಹಳೆಯ ಕಾಂಡದವರೆಗೆ ಕತ್ತರಿಸಬಾರದು.

ಎಲೆ ಹಳದಿಯಾದರೆ

ಚಿಗುರೆಲೆಯ ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗ ಹಳದಿಯಾಗುವುದು ಕಬ್ಬಿಣದ ಕೊರತೆಯ ಲಕ್ಷಣ. ಮಣ್ಣಿನಲ್ಲಿ ಕಬ್ಬಿಣವಿದ್ದರೂ ಕ್ಷಾರ ಹೆಚ್ಚಿದಾಗ ಬೇರಿಗೆ ಅದು ದಕ್ಕುವುದಿಲ್ಲ. ಸೋಪು, ಬಟ್ಟೆ ಪುಡಿ ಬೆರೆತ ನೀರು ಕ್ಷಾರವನ್ನು ಹೆಚ್ಚಿಸುತ್ತದೆ. ಒಂದು ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಮತ್ತು 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ, ಸಂಜೆ ವೇಳೆ ಎಲೆಗಳಿಗೆ ಸಿಂಪಡಿಸಿ. ಹತ್ತು-ಹದಿನೈದು ದಿನಗಳ ನಂತರ ಮತ್ತೊಮ್ಮೆ ಸಿಂಪಡಿಸಬಹುದು. ಆದರೆ ಕ್ಷಾರದ ಮೂಲವನ್ನು ತಡೆಯದಿದ್ದರೆ ಕೊರತೆ ಮರುಕಳಿಸುತ್ತದೆ. ಮಣ್ಣು ಪರೀಕ್ಷೆ ಮಾಡಿಸುವುದೂ ಒಳ್ಳೆಯದು. ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಸಲಹೆ ಪಡೆಯಿರಿ.

ಹೆಡತಲೆಯ ಯಜಮಾನರಿಗೂ ಇದನ್ನೇ ಹೇಳಿದೆ. ಗಿಡವನ್ನು ಕೀಳಬೇಕಿಲ್ಲ, ಬಚ್ಚಲ ನೀರಿನ ಕಾಲುವೆಯನ್ನು ಬೇರೆ ಕಡೆಗೆ ತಿರುಗಿಸಿದರೆ ಸಾಕು.