ಯುವಜನೋತ್ಸವ, ಅಂತರ ಕಾಲೇಜು ಕ್ರೀಡಾಕೂಟ: ಹರಿಯಬ್ಬೆಯ ವಿದ್ಯಾರ್ಥಿ ದಾವಣಗೆರೆ ವಿವಿ ತಂಡ ಸೇರುವುದು ಹೇಗೆ?

ಹಿರಿಯೂರು: ಧರ್ಮಪುರ ಹೋಬಳಿಯ ಹರಿಯಬ್ಬೆಯಿಂದ ಬೆಳಗ್ಗೆ ಬಸ್ ಹತ್ತಿ ಹಿರಿಯೂರಿನ ಡಿಗ್ರಿ ಕಾಲೇಜಿಗೆ ಬರೋ ವಿದ್ಯಾರ್ಥಿಗೆ ದಾವಣಗೆರೆ ವಿಶ್ವವಿದ್ಯಾಲಯ ಅಂದರೆ ಏನು? ಅಂಕಪಟ್ಟಿ ಮೇಲಿನ ಮುದ್ರೆ, ಪರೀಕ್ಷೆ ವೇಳಾಪಟ್ಟಿ, ರಿಸಲ್ಟ್ ನೋಡೋ ವೆಬ್‌ಸೈಟ್. ಹೆಚ್ಚಿನವರಿಗೆ ಅಷ್ಟೇ. ಮೂರು ವರ್ಷದಲ್ಲಿ ಒಮ್ಮೆಯೂ ತೋಳಹುಣಸೆಯ ಶಿವಗಂಗೋತ್ರಿ ಆವರಣ ನೋಡದೆ ಡಿಗ್ರಿ ಮುಗಿಸುವವರು ಬೇಕಾದಷ್ಟು ಜನ.

ಆದರೆ ವಿವಿ ಅಂದರೆ ಆ ಆವರಣ ಮಾತ್ರ ಅಲ್ಲ. ಹಿರಿಯೂರಿನ ವಾಣಿ ಸಕ್ಕರೆ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಂಥ ಸಂಯೋಜಿತ ಕಾಲೇಜಿನ ವಿದ್ಯಾರ್ಥಿಯೂ ವಿವಿ ವಿದ್ಯಾರ್ಥಿಯೇ. ವಿವಿ ಹೆಸರಲ್ಲಿ ಕಟ್ಟುವ ಕಬಡ್ಡಿ ತಂಡ, ಖೋಖೋ ತಂಡ, ನಾಟಕ ತಂಡ, ಹಾಡಿನ ತಂಡಕ್ಕೆ ಆಯ್ಕೆಯಾಗುವ ಅವಕಾಶ ಆವರಣದ ಎಂ.ಎ. ವಿದ್ಯಾರ್ಥಿಗೆ ಎಷ್ಟಿದೆಯೋ ಹರಿಯಬ್ಬೆಯ ಬಿ.ಎ. ಹುಡುಗಿಗೂ ಅಷ್ಟೇ ಇದೆ.

ಚಿತ್ರದುರ್ಗ ಜಿಲ್ಲೆಯ ಕಾಲೇಜುಗಳು ಮೊದಲು ಮೈಸೂರು ವಿವಿ ವ್ಯಾಪ್ತಿಯಲ್ಲಿದ್ದವು. 1987ರಲ್ಲಿ ಕುವೆಂಪು ವಿವಿ ಆದಾಗ ಅತ್ತ ಸೇರಿದವು. 2009ರಲ್ಲಿ ದಾವಣಗೆರೆ ವಿವಿ ಶುರುವಾಗಿ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆ ಅದರ ಪಾಲಿಗೆ ಬಂದವು. ಚಿತ್ರದುರ್ಗದ ಹತ್ತಿರ ಗುಡ್ಡದ ರಂಗವ್ವನಹಳ್ಳಿಯಲ್ಲಿ ಅದರ ಸ್ನಾತಕೋತ್ತರ ಕೇಂದ್ರವೂ ಇದೆ. ವಿವಿ ಹತ್ತಿರ ಬಂತು ನಿಜ, ಆದರೂ ಹಿರಿಯೂರಿನಿಂದ ದಾವಣಗೆರೆಗೆ ಸುಮಾರು ನೂರು ಕಿಲೋಮೀಟರ್.

ಸೋತ ತಂಡದವರೂ ಆಯ್ಕೆಯಾಗಬಹುದು

ಮೊದಲು ಆಟದ ವಿಷಯ. ವಿವಿ ಅಂತರ ಕಾಲೇಜು ಕ್ರೀಡಾಕೂಟ ನಡೆಸುತ್ತೆ. ಅಲ್ಲಿ ಕಾಲೇಜು ತಂಡ ಗೆದ್ದರೆ ಟ್ರೋಫಿ, ಸೋತರೆ ಮನೆ ಅಂತ ತುಂಬಾ ಹುಡುಗರು ತಿಳಿದಿದ್ದಾರೆ. ಹಾಗಲ್ಲ. ಕಬಡ್ಡಿ, ಖೋಖೋ, ವಾಲಿಬಾಲ್‌ನಂಥ ಆಟಗಳಲ್ಲಿ ಗೆದ್ದ ಕಾಲೇಜನ್ನೇ ಇಡಿಯಾಗಿ ಮುಂದಕ್ಕೆ ಕಳಿಸುವುದಿಲ್ಲ. ಬಂದ ಎಲ್ಲ ತಂಡಗಳ ಆಟಗಾರರನ್ನು ನೋಡಿ ವಿವಿ ತಂಡ ಆರಿಸುತ್ತಾರೆ. ಮೊದಲ ಸುತ್ತಲ್ಲೇ ಸೋತ ಕಾಲೇಜಿನ ಒಳ್ಳೆ ರೈಡರ್‌ನನ್ನೂ ಆರಿಸಿಕೊಳ್ಳಬಹುದು. ಆದರೆ ಅವನು ಅಲ್ಲಿಗೆ ಹೋಗಿ ಆಡಿದ್ದರೆ ಮಾತ್ರ.

ಹೀಗೆ ಕಟ್ಟಿದ ತಂಡ ದಕ್ಷಿಣ ವಲಯದ ಅಂತರ ವಿವಿ ಪಂದ್ಯಾವಳಿಗೆ ಹೋಗುತ್ತೆ. ಅಲ್ಲಿ ಮೇಲಿನ ಸ್ಥಾನ ಬಂದರೆ ಅಖಿಲ ಭಾರತ ಮಟ್ಟ. ಅಥ್ಲೆಟಿಕ್ಸ್‌ಗೆ ವಲಯ ಮಟ್ಟ ಇಲ್ಲ, ನೇರ ಅಖಿಲ ಭಾರತ ಕೂಟವೇ. ಇವನ್ನೆಲ್ಲ ನಡೆಸುವುದು ಭಾರತೀಯ ವಿಶ್ವವಿದ್ಯಾಲಯಗಳ ಸಂಘ. 2022ರಲ್ಲಿ ಬೆಂಗಳೂರಲ್ಲಿ ನಡೆದ ಖೇಲೋ ಇಂಡಿಯಾ ವಿವಿ ಕ್ರೀಡಾಕೂಟ ನೆನಪಿರಬಹುದು. ಅದಕ್ಕೆ ತಂಡಗಳು ಬರುವುದೂ ಈ ಅಂತರ ವಿವಿ ಸಾಧನೆಯ ಮೇಲೆಯೇ.

ಮನೆಯವರು ಕೇಳುವ ಪ್ರಶ್ನೆ ಒಂದೇ: ಆಡಿದರೆ ಏನು ಸಿಗುತ್ತೆ? ಉತ್ತರ ಇದೆ. ಕೇಂದ್ರ ಸರ್ಕಾರದ ನೇಮಕಾತಿಯಲ್ಲಿ ಕ್ರೀಡಾ ಕೋಟಾ ಇದೆ. ಅದಕ್ಕೆ ಅರ್ಹತೆಯಾಗಿ ಪರಿಗಣಿಸುವ ಕೂಟಗಳಲ್ಲಿ ಅಂತರ ವಿವಿ ಕೂಟವೂ ಒಂದು. ಅದರ ನಮೂನೆಗೆ ಸಹಿ ಹಾಕೋದು ವಿವಿ ಕ್ರೀಡಾ ವಿಭಾಗದ ಮುಖ್ಯಸ್ಥರು. ಇಲ್ಲಿ ಒಂದು ಸೂಕ್ಷ್ಮ ಇದೆ: ಕಾಲೇಜು ಪರವಾಗಿ ಆಡಿದ ಅಂತರ ಕಾಲೇಜು ಪ್ರಮಾಣಪತ್ರ ಇದಕ್ಕೆ ಸಾಲದು, ವಿವಿ ಪರವಾಗಿ ಆಡಿರಬೇಕು. ಊರ ಹಬ್ಬದ ಟೂರ್ನಿಯಲ್ಲಿ ಹತ್ತು ಕಪ್ ಗೆದ್ದು ಅಟ್ಟದ ಮೇಲೆ ಇಟ್ಟವರಿಗೆ ಈ ಒಂದು ಕಾಗದದ ಬೆಲೆ ಗೊತ್ತಾಗುವಷ್ಟರಲ್ಲಿ ವಯಸ್ಸು ದಾಟಿರುತ್ತೆ. ಅಂತರ ವಿವಿ ಕೂಟಗಳಿಗೆ ಮಿತಿ 25 ವರ್ಷ, ಜುಲೈ 1ಕ್ಕೆ ಲೆಕ್ಕ.

ಸೋಬಾನೆ ಗೊತ್ತಿದ್ದವರು ಯಾಕೆ ಹಿಂದೆ?

ಯುವಜನೋತ್ಸವದ ದಾರಿಯೂ ಹೆಚ್ಚುಕಡಿಮೆ ಇದೇ. ಕಾಲೇಜು, ವಿವಿ, ದಕ್ಷಿಣ ವಲಯ, ಆಮೇಲೆ ರಾಷ್ಟ್ರ ಮಟ್ಟ. ಸಂಗೀತ, ನೃತ್ಯ, ಸಾಹಿತ್ಯ, ರಂಗಭೂಮಿ, ಲಲಿತಕಲೆ ಅಂತ ಐದು ವಿಭಾಗ. ರಂಗೋಲಿ, ಮಣ್ಣಿನ ಮಾದರಿ, ವ್ಯಂಗ್ಯಚಿತ್ರ, ಮಿಮಿಕ್ರಿಗೂ ಸ್ಪರ್ಧೆ ಇದೆ. ಏಕಾಂಕ ನಾಟಕಕ್ಕೆ 30 ನಿಮಿಷ, ಪ್ರಹಸನಕ್ಕೆ 10, ಮೂಕಾಭಿನಯಕ್ಕೆ 5.

ಇದರಲ್ಲಿ ನಮ್ಮ ಕಡೆಯವರಿಗೆ ಹೇಳಿ ಮಾಡಿಸಿದಂಥವು ಜನಪದ ನೃತ್ಯ, ಸಮೂಹ ಗಾಯನ, ಜನಪದ ವಾದ್ಯಮೇಳ. ಸಮೂಹ ಗಾಯನಕ್ಕೆ ಆರು ಜನ ಹಾಡುಗಾರರು, ಸಿನಿಮಾ ಹಾಡು ನಡೆಯಲ್ಲ. ಹಿರಿಯೂರು, ಚಳ್ಳಕೆರೆ ಸೀಮೆಯ ಗೊಲ್ಲರಹಟ್ಟಿಗಳಲ್ಲಿ ಜುಂಜಪ್ಪನ ಪದ ಇವೆ, ಗಣೆ ಊದುವವರಿದ್ದಾರೆ. ಸೋಬಾನೆ, ಕೋಲಾಟ, ಭಜನೆ ಇಲ್ಲದ ಊರಿಲ್ಲ. ಚಳ್ಳಕೆರೆ ತಾಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಓದು ಬರಹ ಇಲ್ಲದೆಯೇ ಸಾವಿರಾರು ಪದ ನೆನಪಲ್ಲಿಟ್ಟುಕೊಂಡಿದ್ದವರು, ವಿದ್ವಾಂಸರು ಅವರ ಬಾಯಿಂದ ಕೇಳಿ ಬರೆದುಕೊಂಡರು. ಅಂಥ ಮನೆಗಳ ಮಕ್ಕಳು ಇವತ್ತು ಡಿಗ್ರಿ ಓದ್ತಿದ್ದಾರೆ. ಅಜ್ಜಿ ಹೇಳೋ ಪದ ‘ಸ್ಪರ್ಧೆಗೆ ನಡೆಯುತ್ತೆ’ ಅಂತ ಅವರಿಗೆ ಹೇಳಿದವರಿಲ್ಲ. ವೇದಿಕೆ ಹತ್ತುವುದು ಯೂಟ್ಯೂಬ್ ನೋಡಿ ಕಲಿತ ಪರರಾಜ್ಯದ ಕುಣಿತ. ಅದು ತಪ್ಪಲ್ಲ, ಆದರೆ ಮನೆಯಲ್ಲಿರೋದನ್ನು ಬಿಟ್ಟು ಹೊರಗೆ ಹುಡುಕಿದ ಹಾಗೆ ಆಗುತ್ತೆ.

ಭಾಷೆಯ ತೊಡಕೂ ಇದೆ. ಅಂತರ ವಿವಿ ಮಟ್ಟದ ಭಾಷಣ, ಚರ್ಚಾ ಸ್ಪರ್ಧೆ ಹಿಂದಿ ಇಲ್ಲವೇ ಇಂಗ್ಲಿಷಲ್ಲಿ. ಕನ್ನಡ ಮಾಧ್ಯಮದವರು ಅಲ್ಲಿ ಸಹಜವಾಗಿ ಹಿಂದೆ ಬೀಳ್ತಾರೆ. ಏಕಾಂಕ ನಾಟಕಕ್ಕೆ ಮಾತ್ರ ಕನ್ನಡ ನಡೆಯುತ್ತೆ, ಸಾರಾಂಶ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಕೊಡಬೇಕು. ಹಾಡು, ವಾದ್ಯ, ಬಣ್ಣಕ್ಕೆ ಈ ಕಾಟ ಇಲ್ಲ.

ಎರಡು ಯುವಜನೋತ್ಸವಗಳನ್ನು ಬೆರೆಸಿಕೊಳ್ಳಬಾರದು. ಯುವಜನ ಸೇವಾ ಮತ್ತು ಕ್ರೀಡಾ ಇಲಾಖೆ ನಡೆಸೋದು ಬೇರೆ. ಅದು 15ರಿಂದ 29 ವರ್ಷದವರಿಗೆ, ಕಾಲೇಜಿಗೆ ಹೋಗದವರೂ ಭಾಗವಹಿಸಬಹುದು. ಪಿಯು ವಿದ್ಯಾರ್ಥಿಗಳು ವಿವಿ ಕೂಟಕ್ಕೆ ಬರುವುದಿಲ್ಲ, ಅವರ ಇಲಾಖೆಯೇ ಬೇರೆ.

ವಿಚಾರ ಸಂಕಿರಣ, ವಿಶೇಷ ಉಪನ್ಯಾಸಗಳ ಸುದ್ದಿ ಸಾಮಾನ್ಯವಾಗಿ ವಿಭಾಗದ ವಾಟ್ಸಾಪ್ ಗ್ರೂಪಿಗೇ ನಿಲ್ಲುತ್ತೆ. ಹಳ್ಳಿಗೆ ನೇರ ಬರೋದು ಎನ್‌ಎಸ್‌ಎಸ್ ಶಿಬಿರ ಮಾತ್ರ: ಏಳು ದಿನ, ಬೆಳಗ್ಗೆ ಶ್ರಮದಾನ, ಆಮೇಲೆ ಉಪನ್ಯಾಸ, ಸಂಜೆ ಸಾಂಸ್ಕೃತಿಕ ಕಾರ್ಯಕ್ರಮ. ಕಾಲೇಜಿನ ಪ್ರತಿಭೆ ಊರವರ ಕಣ್ಣಿಗೆ ಬೀಳೋದು, ಊರಿನ ಹಾಡುಗಾರರು ಕಾಲೇಜಿನವರ ಕಿವಿಗೆ ಬೀಳೋದು ಆ ಸಂಜೆಗಳಲ್ಲೇ.

ಮಾಡಬೇಕಾದ್ದು

ಕಾಲೇಜು ಶುರುವಾದ ಮೊದಲ ತಿಂಗಳಲ್ಲೇ ದೈಹಿಕ ಶಿಕ್ಷಣ ನಿರ್ದೇಶಕರಿಗೆ ಅಥವಾ ಸಾಂಸ್ಕೃತಿಕ ಸಮಿತಿ ಸಂಚಾಲಕರಿಗೆ ಹೆಸರು ಕೊಡಬೇಕು. ವಿವಿ ಸುತ್ತೋಲೆ ಬರೋದು ಕಾಲೇಜಿಗೆ, ಮನೆಗಲ್ಲ. ಎಷ್ಟೋ ಸಲ ಅದು ನೋಟಿಸ್ ಬೋರ್ಡಿಗೆ ಬರುವಷ್ಟರಲ್ಲಿ ಕೊನೆ ದಿನ ಹತ್ತಿರ ಇರುತ್ತೆ, ಹಾಗಾಗಿ ಕೇಳುತ್ತಲೇ ಇರಬೇಕು. ಪ್ರವೇಶ ಶುಲ್ಕದ ರಶೀದಿಯಲ್ಲಿ ಕ್ರೀಡೆ, ಸಾಂಸ್ಕೃತಿಕ ಚಟುವಟಿಕೆ ಅಂತ ಕಟ್ಟಿದ ಹಣ ಇದ್ದರೆ ಕೇಳೋಕೆ ಸಂಕೋಚ ಬೇಡ. ಹಾಜರಾತಿ ಚಿಂತೆ ಇರುವವರು ಹೋಗುವ ಮೊದಲೇ ಪ್ರಾಂಶುಪಾಲರಿಂದ ಓಡಿ ಪತ್ರ ಬರೆಸಿಕೊಳ್ಳಬೇಕು, ಬಂದ ಮೇಲೆ ಕೇಳಿದರೆ ಓಡಾಟ ಜಾಸ್ತಿ.

ಸಂಜೆ ಅಭ್ಯಾಸ ಮುಗಿಸಿದರೆ ಊರಿನ ಬಸ್ ಇರಲ್ಲ ಅನ್ನೋದು ಹರಿಯಬ್ಬೆಯಂಥ ಊರುಗಳ, ಅದರಲ್ಲೂ ಹುಡುಗಿಯರ ದೊಡ್ಡ ತೊಂದರೆ. ಅಭ್ಯಾಸವನ್ನು ಬೆಳಗಿನ ಹೊತ್ತಿಗೆ ಅಥವಾ ಊಟದ ಬಿಡುವಿಗೆ ಇಡಿ ಅಂತ ನಾಲ್ಕೈದು ಮಂದಿ ಒಟ್ಟಿಗೆ ಹೋಗಿ ಕೇಳಿದರೆ ದಾರಿ ಸಿಗಬಹುದು. ಆಯ್ಕೆಗೆ ಹೋಗುವಾಗ ಎಸ್ಸೆಸ್ಸೆಲ್ಸಿ, ಪಿಯು ಅಂಕಪಟ್ಟಿ, ಕಾಲೇಜು ಗುರುತಿನ ಚೀಟಿ, ಶುಲ್ಕ ರಶೀದಿ, ಆಧಾರ್ ಪ್ರತಿ ಜೊತೆಗಿರಲಿ. ವಯಸ್ಸು ನೋಡೋದು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ, ಹೆಸರಿನ ಅಕ್ಷರ ಎಲ್ಲ ಕಡೆ ಒಂದೇ ಥರ ಇದೆಯಾ ಅಂತ ಮೊದಲೇ ನೋಡಿಕೊಂಡರೆ ಒಳ್ಳೇದು.