ಮೂಲೆ ಹಿಡಿದ ಬೆಕ್ಕಿಗೊಂದು ಮನೆ ಬೇಕಾಗಿದೆ

ಮೀನು ಕೊಯ್ಯುವಾಗ ಕಾಲು ಸುತ್ತುವ, ಮುಸಲ್ಲಾ ಹಾಸಿದ ಕೂಡಲೇ ಅದರ ಮೇಲೆ ಬಂದು ಕೂರುವ ಬೆಕ್ಕು ನಿಮ್ಮ ಮನೆಯಲ್ಲೂ ಇರಬಹುದು. ಓಡಿಸಿದರೆ ಮತ್ತೆ ಬರುತ್ತದೆ, ಬೈದರೆ ಕಣ್ಣು ಮುಚ್ಚಿ ಮಲಗುತ್ತದೆ. ಆದರೆ ನಾನಿಂದು ನಿಮಗೆ ಪರಿಚಯಿಸಲು ಹೊರಟಿರುವುದು ಅಂತಹ ಬೆಕ್ಕನ್ನಲ್ಲ.

ಕೆಲವು ವಾರಗಳ ಹಿಂದೆ ಶಾಲೆಯ ಮಕ್ಕಳೊಂದಿಗೆ ಒಂದು ಪ್ರಾಣಿ ಆಶ್ರಯಧಾಮಕ್ಕೆ ಹೋಗಿದ್ದೆ. ಮುಂದಿನ ಗೂಡುಗಳಲ್ಲಿದ್ದ ಮರಿಗಳು ಸರಳುಗಳ ನಡುವಿನಿಂದ ಕೈ ಚಾಚಿ ಮಕ್ಕಳನ್ನು ಕರೆಯುತ್ತಿದ್ದವು. ಕೊನೆಯ ಗೂಡಿನಲ್ಲಿ ಮಾತ್ರ ಒಂದು ರಟ್ಟಿನ ಪೆಟ್ಟಿಗೆ, ಅದರೊಳಗೆ ಎರಡು ಕಣ್ಣುಗಳು. ಬೂದು ಬಣ್ಣದ, ಸುಮಾರು ನಾಲ್ಕು ವರ್ಷದ ಹೆಣ್ಣು ಬೆಕ್ಕು. ಸಾಕಿದ ಅಜ್ಜಿ ತೀರಿಕೊಂಡ ಮೇಲೆ ಮನೆಯವರು ತಂದು ಬಿಟ್ಟದ್ದಂತೆ. ಆ ನಂತರ ಎರಡು ಮನೆಗಳಿಗೆ ಹೋಗಿ ಎರಡು ಕಡೆಯಿಂದಲೂ ವಾಪಸಾಗಿದೆ. ಮೊದಲ ಮನೆಯವರು ನಾಲ್ಕೇ ದಿನಗಳಲ್ಲಿ, "ಇದು ಮಂಚದ ಅಡಿಯಿಂದ ಹೊರಗೇ ಬರುವುದಿಲ್ಲ" ಎಂದು ಮರಳಿಸಿದರು. ಎರಡನೆಯ ಮನೆಯಲ್ಲಿ ಮಕ್ಕಳು ಕಾಲು ಹಿಡಿದು ಹೊರಗೆಳೆದರು, ಅದು ಪರಚಿತು. ಈಗ ಗೂಡಿನ ಮೇಲೊಂದು ಚೀಟಿ ಅಂಟಿಸಿದ್ದಾರೆ: ಬೆಕ್ಕು ಸಾಕಿ ಅನುಭವವಿರುವ ಮನೆಗೆ ಮಾತ್ರ.

"ಟೀಚರ್, ಹತ್ತಿರವೇ ಬಾರದ ಬೆಕ್ಕನ್ನು ಯಾರು ಯಾಕೆ ಕೊಂಡುಹೋಗಬೇಕು?" ಎಂದು ಒಬ್ಬ ಹುಡುಗಿ ಕೇಳಿದಳು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ.

ನಾವು ಇಂತಹ ಬೆಕ್ಕನ್ನು ಸೊಕ್ಕಿನದು, ಕೃತಘ್ನ ಎಂದು ಬಿಡುತ್ತೇವೆ. ಅದು ಸೊಕ್ಕಲ್ಲ, ಭಯ. ಹುಟ್ಟಿದ ಎರಡನೆಯ ವಾರದಿಂದ ಹೆಚ್ಚು ಕಡಿಮೆ ಏಳನೆಯ ವಾರದವರೆಗೆ ಮನುಷ್ಯರ ಕೈ ಸೋಕಿ ಬೆಳೆದ ಮರಿ ಸುಲಭವಾಗಿ ಒಗ್ಗಿಕೊಳ್ಳುತ್ತದೆ. ಆ ದಿನಗಳು ಹಾಗೆಯೇ ಕಳೆದುಹೋದರೆ ಅಪರಿಚಿತ ಕೈಯೆಲ್ಲ ಅದಕ್ಕೆ ಅಪಾಯವೇ. ಇನ್ನು ಕೆಲವಕ್ಕೆ ಒಬ್ಬರ ಕೈಯೇ ಲೋಕ. ಆ ಕೈ ಇಲ್ಲವಾದಾಗ ಅವು ಎಲ್ಲವನ್ನೂ ಕಳೆದುಕೊಳ್ಳುತ್ತವೆ. ಬೆಕ್ಕಿಗೆ ಜಾಗದ ವಾಸನೆಯೇ ಮನೆ. ನಾಯಿಗಳು ಬೊಗಳುವ, ದಿನಕ್ಕೆ ಹತ್ತು ಹೊಸ ಮುಖಗಳು ಬಂದು ಇಣುಕುವ ಜಾಗದಲ್ಲಿ ಅದು ಬೇರೇನು ಮಾಡೀತು? ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಆಶ್ರಯಧಾಮಕ್ಕೆ ಹೊಸದಾಗಿ ಬಂದ 19 ಬೆಕ್ಕುಗಳ ಪೈಕಿ ಕೆಲವಕ್ಕೆ ಅಡಗಿಕೊಳ್ಳಲು ಪೆಟ್ಟಿಗೆ ಕೊಟ್ಟು, ಉಳಿದವಕ್ಕೆ ಕೊಡದೆ ಗಮನಿಸಿದರು. ಪೆಟ್ಟಿಗೆ ಸಿಕ್ಕಿದವು ಬೇಗನೆ ಶಾಂತವಾದವು. ನಾವಾದರೋ ಮೊದಲು ಕಿತ್ತುಕೊಳ್ಳುವುದೇ ಆ ಮರೆಯನ್ನು.

ಅಬೂಕತಾದಾ(ರ)ರ ಪ್ರಸಂಗ ನಿಮಗೆ ಗೊತ್ತಿರಬಹುದು. ಸೊಸೆ ಕಬ್‌ಶಾ ಅವರು ಮಾವನ ವುಝೂಗೆಂದು ನೀರು ಹೊಯ್ದಾಗ ಬೆಕ್ಕೊಂದು ಬಂತು. ಅದು ಕುಡಿದು ಮುಗಿಸುವವರೆಗೂ ಅವರು ಪಾತ್ರೆಯನ್ನು ವಾಲಿಸಿ ಹಿಡಿದರು. ಅಚ್ಚರಿಯಿಂದ ನೋಡುತ್ತಿದ್ದ ಸೊಸೆಗೆ, ಬೆಕ್ಕು ಅಶುದ್ಧವಲ್ಲ, ಅದು ನಿಮ್ಮ ಸುತ್ತ ಸುಳಿದಾಡುವವುಗಳಲ್ಲಿ ಸೇರಿದ್ದೆಂದು ಪ್ರವಾದಿ(ಸ)ರು ತಿಳಿಸಿದ್ದನ್ನು ಹೇಳಿದರು. ಈ ಹದೀಸನ್ನು ನಾವು ವುಝೂವಿನ ನೀರಿನ ವಿಧಿಯೆಂದು ಪಾಠ ಮಾಡುತ್ತೇವೆ. ಹಾಗೆ ಪಾಠ ಮಾಡುವಾಗಲೆಲ್ಲ ನನ್ನ ಮನಸ್ಸು ಹೋಗುವುದು ಆ ವಾಲಿಸಿದ ಕೈಯ ಕಡೆಗೆ. ಅವರು ಬೆಕ್ಕನ್ನು ಹಿಡಿಯಲಿಲ್ಲ, ಸವರಲಿಲ್ಲ. ಅದು ಕುಡಿಯುವವರೆಗೆ ಕಾದರು, ಅಷ್ಟೇ.

ಒಂದು ಮಾತನ್ನು ಮುಚ್ಚಿಡಲಾರೆ. ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಮರಿಗಳು ಹೆಚ್ಚಾದರೆ ಗೋಣಿಚೀಲದಲ್ಲಿ ತುಂಬಿ ಮೀನು ಮಾರುಕಟ್ಟೆಯ ಬಳಿ ಬಿಟ್ಟುಬರುತ್ತಿದ್ದರು. "ಅಲ್ಲಿ ಮೀನು ಸಿಗುತ್ತದಲ್ಲಾ" ಎಂಬುದು ಹಿರಿಯರ ಸಮಾಧಾನ. ಒಮ್ಮೆ ಆ ಚೀಲ ಹೊತ್ತವಳು ನಾನೇ. ಬೆನ್ನಿಗೆ ತಾಗುತ್ತಿದ್ದ ಆ ಪುಟ್ಟ ಮೈಗಳ ಬಿಸಿ ಇಂದಿಗೂ ನೆನಪಿದೆ. ಸಾಕುಪ್ರಾಣಿಯನ್ನು ಹಸಿವೆಗೆ ಬಿಟ್ಟು ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧವೆಂದು ನನಗೆ ತಿಳಿದದ್ದು ಬಿ.ಎ. ಮುಗಿಸಿದ ಮೇಲೆ. ಬೆಕ್ಕನ್ನು ಕಟ್ಟಿಹಾಕಿ ಹಸಿವಿನಿಂದ ಸಾಯಿಸಿ ನರಕಕ್ಕೆ ಹೋದ ಹೆಂಗಸಿನ ಹದೀಸನ್ನು ಮಾತ್ರ ಅದಕ್ಕಿಂತ ಎಷ್ಟೋ ಮೊದಲೇ ಮದ್ರಸದಲ್ಲಿ ಬಾಯಿಪಾಠ ಮಾಡಿದ್ದೆ!

ಹಾಗಾದರೆ ಅನುಭವವಿರುವ ಮನೆಯೆಂದರೆ ಎಂತಹದು? ಆಶ್ರಯಧಾಮದ ಮಹಿಳೆಯನ್ನೇ ಕೇಳಿದೆ. "ಬೆಕ್ಕು ತಮ್ಮನ್ನು ಪ್ರೀತಿಸದಿದ್ದರೂ ಬೇಸರಪಡದವರ ಮನೆ" ಎಂದು ನಕ್ಕರು. ನಂತರ ವಿವರಿಸಿದರು. ಇಡೀ ಮನೆಯನ್ನು ಬೆಕ್ಕಿಗೆ ಒಮ್ಮೆಲೇ ತೋರಿಸಬಾರದು. ಮೊದಲು ಒಂದೇ ಕೋಣೆ. ಅದರ ಒಂದು ಮೂಲೆಯಲ್ಲಿ ಮರಳಿನ ತಟ್ಟೆ, ಅದರಿಂದ ದೂರದಲ್ಲಿ ಅನ್ನ-ನೀರು, ಮತ್ತೊಂದು ಮೂಲೆಯಲ್ಲಿ ಮಗ್ಗುಲಾಗಿಸಿದ ರಟ್ಟಿನ ಪೆಟ್ಟಿಗೆ. ದಿನವೂ ಅದೇ ಹೊತ್ತಿಗೆ, ಅದೇ ವ್ಯಕ್ತಿ ತಿಂಡಿ ಇಟ್ಟು ಸ್ವಲ್ಪ ದೂರ ನೆಲದಲ್ಲಿ ಕೂರಬೇಕು. ಕೈಯಲ್ಲಿ ಹೊಲಿಗೆಯೋ ಪುಸ್ತಕವೋ ಇರಲಿ. ದಿಟ್ಟಿಸಿ ನೋಡಬಾರದು, ಅದು ಬೆಕ್ಕಿನ ಭಾಷೆಯಲ್ಲಿ ಬೆದರಿಕೆ. ಕಣ್ಣುಗಳನ್ನು ನಿಧಾನವಾಗಿ ಕಿರಿದಾಗಿಸಿ ಮುಚ್ಚಿ ತೆರೆದರೆ ಅದೂ ಹಾಗೆಯೇ ಉತ್ತರಿಸುವುದುಂಟು. ಇದು ಬರೇ ಅಜ್ಜಿಯರ ಮಾತಲ್ಲ, ಬ್ರಿಟನ್ನಿನ ಸಸೆಕ್ಸ್ ಮತ್ತು ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯಗಳ ತಜ್ಞರು 2020ರಲ್ಲಿ ಪರೀಕ್ಷಿಸಿ ನೋಡಿದ ವಿಷಯ. ಮುಟ್ಟುವ ಮೊದಲ ಹೆಜ್ಜೆ ಬೆಕ್ಕಿನದೇ ಆಗಿರಬೇಕು. ವಾರವಾಗಬಹುದು, ತಿಂಗಳುಗಳೇ ಆಗಬಹುದು.

ಆದರೆ ಕಾಯುವುದೆಂದರೆ ಕಣ್ಣು ಮುಚ್ಚಿ ಕೂರುವುದಲ್ಲ. ಹೊಸ ಬೆಕ್ಕು ಒಂದು ದಿನ ತಿನ್ನದಿರಬಹುದು. ಎರಡು ದಿನವೂ ಮುಟ್ಟದಿದ್ದರೆ ಪಶುವೈದ್ಯರನ್ನು ಕಾಣಲೇಬೇಕು, ಏಕೆಂದರೆ ಉಪವಾಸ ಬಿದ್ದ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೇ ಅಪಾಯವಾಗುತ್ತದೆ. ಜ್ವರವೆಂದು ಮಕ್ಕಳ ಪ್ಯಾರಾಸಿಟಮಾಲ್ ಕೊಟ್ಟೀರಿ ಜೋಕೆ, ಅದು ಬೆಕ್ಕಿಗೆ ವಿಷ. ಈರುಳ್ಳಿ-ಬೆಳ್ಳುಳ್ಳಿ ಹಾಕಿದ ಸಾರಿನ ಅನ್ನವೂ ಬೇಡ. ಬಟ್ಟಲು ತುಂಬ ಹಾಲಿಡುವುದು ನಮ್ಮ ರೂಢಿ. ಆದರೆ ಬೆಳೆದ ಬೆಕ್ಕುಗಳಲ್ಲಿ ಹಲವಕ್ಕೆ ಅದು ಜೀರ್ಣವಾಗದೆ ಭೇದಿಯಾಗುತ್ತದೆ. ರೇಬಿಸ್ ಚುಚ್ಚುಮದ್ದು ತಪ್ಪಿಸಬಾರದು. ಪರಚಿದರೆ, ಕಚ್ಚಿದರೆ ಸಾಬೂನು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ವೈದ್ಯರಿಗೆ ತೋರಿಸಿ.

ಗರ್ಭಿಣಿಯರಿರುವ ಮನೆಯಲ್ಲಿ ಬೆಕ್ಕೇ ಬೇಡವೆನ್ನುವವರಿದ್ದಾರೆ. ಟಾಕ್ಸೋಪ್ಲಾಸ್ಮಾ ಎಂಬ ರೋಗಾಣುವಿನ ಭಯ ಸುಳ್ಳಲ್ಲ. ಆದರೆ ಬೆಕ್ಕಿನ ಮಲದಲ್ಲಿರುವ ಆ ರೋಗಾಣು ಸೋಂಕು ಹರಡುವ ಸ್ಥಿತಿಗೆ ಬರಲು ಒಂದರಿಂದ ಐದು ದಿನ ಬೇಕು. ಮರಳಿನ ತಟ್ಟೆಯನ್ನು ದಿನವೂ ಮನೆಯ ಬೇರೆಯವರು ಸ್ವಚ್ಛಗೊಳಿಸಿದರೆ ಅಪಾಯ ಬಹಳ ಕಡಿಮೆ. ಗಂಡಸರಿಗೂ ಒಂದು ಕೆಲಸವಾಯಿತಲ್ಲ!

ಇಷ್ಟೆಲ್ಲ ಹೇಳುವ ನೀವೇ ಯಾಕೆ ತರಲಿಲ್ಲವೆಂದು ಕೇಳುತ್ತೀರಿ. ತರಬೇಕೆಂದೇ ಇತ್ತು. ಆದರೆ ನನ್ನ ಮನೆಯಲ್ಲಿ ಮೂವರು ಮಕ್ಕಳು, ಕಿರಿಯವನಿಗೆ ನಾಲ್ಕು ವರ್ಷ. ಬಂದು ಹೋಗುವವರಿಗಾಗಿ ಬಾಗಿಲು ಇಡೀ ದಿನ ತೆರೆದೇ ಇರುತ್ತದೆ. ಅಲ್ಲಿಗೆ ತಂದರೆ ಮೂರನೆಯ ಸಲ ಅದನ್ನು ಹಿಂದಿರುಗಿಸುವವಳು ನಾನೇ ಆಗುತ್ತಿದ್ದೆ. ಆದ್ದರಿಂದ ನಮ್ಮ ಮೊಹಲ್ಲಾದ ಹಿರಿಯ ಮಹಿಳೆಯೊಬ್ಬರಿಗೆ ಈ ವಿಷಯ ಹೇಳಿದೆ. ಮಕ್ಕಳು ಗಲ್ಫಿನಲ್ಲಿ, ಪತಿ ತೀರಿಹೋಗಿದ್ದಾರೆ. ಹದಿನಾರು ವರ್ಷ ಬದುಕಿದ ಬೆಕ್ಕೊಂದನ್ನು ಸಾಕಿದವರು ಅವರು. "ನನಗಿನ್ನು ಯಾವುದೂ ಬೇಡ ಮಗಳೇ" ಎಂದಿದ್ದವರು ಮರುದಿನ ತಾವೇ ಆಶ್ರಯಧಾಮದ ದಾರಿ ಕೇಳಿದರು.

ಈಗಾಗಲೇ ಮೂರು ಸಲ ಹೋಗಿ ಗೂಡಿನ ಮುಂದೆ ಸ್ಟೂಲು ಹಾಕಿ ತಸ್ಬೀಹ್ ಎಣಿಸುತ್ತಾ ಕೂತು ಬಂದಿದ್ದಾರೆ. ಮೊದಲೆರಡು ದಿನ ಕಣ್ಣುಗಳು ಮಾತ್ರ ಕಂಡವಂತೆ. ಮೂರನೆಯ ದಿನ ಅವರು ಎದುರಿಗಿರುವಾಗಲೇ ಬೆಕ್ಕು ಪೆಟ್ಟಿಗೆಯಿಂದ ಕತ್ತು ಚಾಚಿ ಬೇಯಿಸಿದ ಬಂಗುಡೆಯ ಒಂದು ಚೂರು ತಿಂದು ಮತ್ತೆ ಒಳಗೆ ಹೋಯಿತು. ನಿನ್ನೆ ರಾತ್ರಿ ಇಶಾದ ನಂತರ ಫೋನು ಮಾಡಿದ್ದರು. ಹಿಂದಿನ ಕೋಣೆ ಗುಡಿಸಿ ಆಗಿದೆಯಂತೆ. ಪೆಟ್ಟಿಗೆಯ ಬಾಯಿ ಕಿಟಕಿಯ ಕಡೆಗಿರಬೇಕೋ ಗೋಡೆಯ ಕಡೆಗೋ, ಅಷ್ಟೊಂದು ಕೇಳಿ ಹೇಳು ಎಂದರು.